ಕಾಯಿಲ್ ಉಜ್ಜುವ ಸದ್ದು

ಮುರಿಗೆಪ್ಪನವರ ಆಶ್ರಮಕ್ಕೆ ಹೊಳೆಯ ದಂಡೆಯೇನೋ ಇತ್ತು, ಮರ ಇರಲಿಲ್ಲ. ಹರಿಹರದ ಸೇತುವೆಯ ಪಕ್ಕ ಒಂದು ತಗಡಿನ ಶೆಡ್ಡು, ಒಳಗೆ ರಿಪೇರಿಗೆ ಬಂದ ಸ್ಪೀಕರ್‌ಗಳು. ಅದನ್ನು ಆಶ್ರಮ ಎಂದು ಕರೆದವರು ಟ್ಯಾಕ್ಸಿ ಚಾಲಕರು, ತಮಾಷೆಗೆ.

ಅಲ್ಲಿ ಇದ್ದವನು ಒಬ್ಬನೇ ಶಿಷ್ಯ, ಹಾಲೇಶ. ವಯಸ್ಸು ಮೂವತ್ತಾರು ದಾಟಿತ್ತು, ಕಲಿಯಲು ಕೂತು ಒಂಬತ್ತು ವರ್ಷ. ಸ್ವಂತ ಅಂಗಡಿ ಇಡಬೇಕೆಂಬ ಆಸೆ. ಅದಕ್ಕೆ ಗುರುಗಳ ಅಪ್ಪಣೆ ಬೇಕಿತ್ತು.

ಒಂದು ಬೆಳಗ್ಗೆ ಕೇಳಿಯೇ ಬಿಟ್ಟ.

"ಗುರುಗಳೇ, ನನ್ನ ಕಲಿಕೆ ಮುಗೀತಾ?"

ಮುರಿಗೆಪ್ಪ ಕೆಮ್ಮಿದರು. ಕೆಮ್ಮು ನಿಂತ ಮೇಲೆ, ಯಾರದೋ ಕಾರಿನಿಂದ ಬಿಚ್ಚಿ ತಂದಿದ್ದ ಸಬ್‌ವೂಫರ್ ಒಂದನ್ನು ಅವನ ಮುಂದೆ ಸರಿಸಿದರು. ಎದೆ ನಡುಗಿಸುವಂಥ ದಪ್ಪ ಸದ್ದಿನ ಸ್ಪೀಕರ್ ಅದು. ಎರಡು ದಿನದಿಂದ ಮೂಕವಾಗಿತ್ತು.

"ಇಲ್ಲಿ ಕೆಟ್ಟಿರೋದು ಏನು ಅಂತ ಕಂಡುಹಿಡಿ. ಅಪ್ಪಣೆ ಕೊಡ್ತೀನಿ."

"ಇಷ್ಟೇನಾ?"

"ಇಷ್ಟೇ."

ಹಾಲೇಶ ಮೊದಲು ಮೂಸಿ ನೋಡಿದ. ಸುಟ್ಟ ವಾಸನೆ. ಎರಡು ತುದಿಗೂ ಮೀಟರ್ ಹಿಡಿದ. ಮುಳ್ಳು ಅಲುಗಲಿಲ್ಲ. ಆಮೇಲೆ ಎರಡೂ ಕೈಯ ಬೆರಳುಗಳನ್ನು ಸ್ಪೀಕರಿನ ಮುಂದಿನ ಕಾಗದದ ಕೋನಿನ ಮೇಲೆ ಸಮವಾಗಿ ಊರಿ, ಮೆಲ್ಲಗೆ ಒತ್ತಿ, ಕಿವಿ ಬಗ್ಗಿಸಿದ.

ಕೋನಿನ ಹಿಂದಿರುವ ತಂತಿಯ ಸುರುಳಿಯೇ ಕಾಯಿಲ್; ಸುಟ್ಟು ಉಬ್ಬಿದರೆ ಅದು ಮ್ಯಾಗ್ನೆಟ್ಟಿಗೆ ಉಜ್ಜುತ್ತದೆ. ಆ ಸದ್ದು ತೀರಾ ಸಣ್ಣದು, ಎಷ್ಟೋ ಜನಕ್ಕೆ ಕೇಳಿಸುವುದೇ ಇಲ್ಲ. ಹಾಲೇಶನಿಗೆ ಕೇಳಿಸುತ್ತಿತ್ತು. ತನ್ನ ಕಿವಿಯ ಬಗ್ಗೆ ಅವನಿಗೆ ಜಂಬವೂ ಇತ್ತು.

ಗುರುಗಳು ಮತ್ತೆ ಕೆಮ್ಮಿದರು.

"ಒಂದು ನಿಮಿಷ ಕೆಮ್ಮಬೇಡಿ ಗುರುಗಳೇ. ಕಾಯಿಲ್ ಉಜ್ಜೋದು ಕೇಳಿಸಬೇಕು."

ಮುರಿಗೆಪ್ಪ ಟವೆಲನ್ನು ಬಾಯಿಗೆ ಒತ್ತಿಕೊಂಡರು. ಹೆಗಲು ಕುಲುಕಿತು, ಸದ್ದು ಹೊರಗೆ ಬರಲಿಲ್ಲ.

"ಕಾಯಿಲ್ ಸುಟ್ಟಿದೆ," ಎಂದ ಹಾಲೇಶ.

"ಯಾಕೆ ಸುಡ್ತು?"

"ಆಂಪ್ಲಿಫೈಯರ್ ಸಣ್ಣದು. ಅದರ ಕೈಲಾಗದಷ್ಟು ಕಿರುಚಿಸಿದ್ದಾರೆ. ಸದ್ದು ಒಡೆದು ಒಡೆದು ಕಾಯಿಲ್ ಕಾದು ಹೋಗಿದೆ. ಎಷ್ಟು ದಿನದಿಂದ ಗೊರಗೊರ ಅಂತಿತ್ತೋ ಏನೋ. ಆ ಡ್ರೈವರ್‌ಗೆ ಕಿವಿ ಅನ್ನೋದೇ ಇಲ್ಲ ಬಿಡಿ."

"ಪಕ್ಕದಲ್ಲೇ ಕೂತವರಿಗೆ ಕೇಳಿಸಲ್ಲ," ಎಂದರು ಮುರಿಗೆಪ್ಪ.

ಹಾಲೇಶ ನಕ್ಕ. ಗುರುಗಳು ನಗಲಿಲ್ಲ.

"ಬೇರೆ ಏನಾದ್ರೂ ಕೆಟ್ಟಿದೆಯಾ? ಸರಿಯಾಗಿ ನೋಡು."

ಹಾಲೇಶ ಅಂಚಿನ ರಬ್ಬರ್ ನೋಡಿದ, ವೈರು ಎಳೆದು ನೋಡಿದ, ತಿರುಗಿಸಿ ಬೆನ್ನು ನೋಡಿದ.

"ಬೇರೆ ಎಲ್ಲ ಚೆನ್ನಾಗಿದೆ ಗುರುಗಳೇ."

"ಸರಿ. ರಿಪೇರಿ ಮಾಡು."

ಹಾಲೇಶ ಕೋನ್ ಬಿಡಿಸಿ, ಕರಕಲಾದ ಕಾಯಿಲ್ ತೆಗೆದು, ಮ್ಯಾಗ್ನೆಟ್ಟಿನ ಸಂದಿಯ ಮಸಿಯನ್ನೆಲ್ಲ ಒರೆಸಿದ. ಹೊಸ ಕಾಯಿಲ್ ಆ ಸಂದಿಯಲ್ಲಿ ಯಾವ ಕಡೆಗೂ ತಾಗದಂತೆ ಕೂರಬೇಕು. ಗಮ್ಮು ಒಣಗುವ ತನಕ ಅದು ಅಲುಗದಿರಲಿ ಎಂದು ಒಳಗೆ ತೆಳ್ಳನೆಯ ಪಟ್ಟಿಗಳನ್ನು ತೂರಿಸಿಡುತ್ತಾರೆ. ಈ ಪಟ್ಟಿಗೆ ಹಳೆಯ ಎಕ್ಸ್‌ರೇ ಫಿಲ್ಮಿಗಿಂತ ಒಳ್ಳೆಯ ಸಾಮಾನಿಲ್ಲ. ರದ್ದಿಯವರಿಂದ ತಂದ ಫಿಲ್ಮುಗಳು ಶೆಡ್ಡಿನಲ್ಲಿ ಯಾವಾಗಲೂ ಇರುತ್ತಿದ್ದವು.

ಆ ದಿನ ಫಿಲ್ಮಿನ ಡಬ್ಬಿ ಖಾಲಿಯಾಗಿತ್ತು. ಹಾಲೇಶ ತಲೆಯೆತ್ತಿದ. ಅವನು ಕೂರುವ ಜಾಗದ ಮೇಲೆಯೇ, ಮೊಳೆಗೆ ಒಂದು ಫಿಲ್ಮು ತೂಗುತ್ತಿತ್ತು. ತೆಗೆದು ಬೆರಳಲ್ಲಿ ದಪ್ಪ ಎಷ್ಟೆಂದು ನೋಡಿದ. ಅಳತೆ ಸರಿಯಾಗಿತ್ತು. ಕತ್ತರಿ ಹಾಕಿದ.

ಮುರಿಗೆಪ್ಪ ನೋಡುತ್ತಲೇ ಇದ್ದರು. ಬೇಡ ಎನ್ನಲಿಲ್ಲ.

ಮರುದಿನದ ಹೊತ್ತಿಗೆ ಗಮ್ಮು ಒಣಗಿತ್ತು. ಹಾಲೇಶ ಒಂದೊಂದೇ ಪಟ್ಟಿ ಎಳೆದು ಕೆಳಗೆ ಹಾಕಿದ. ಮುರಿಗೆಪ್ಪ ಒಂದೊಂದನ್ನೇ ಹೆಕ್ಕಿ, ಒರೆಸಿ, ಕತ್ತರಿಸಿ ಉಳಿದಿದ್ದ ತುಂಡಿನ ಜೊತೆಗೆ ಕಿಟಕಿಯ ಗಾಜಿಗೆ ಟೇಪು ಹಾಕಿ ಅಂಟಿಸುತ್ತ ಹೋದರು.

ಬಿಸಿಲಿಗೆ ಪಕ್ಕೆಲುಬುಗಳು ಕಾಣಿಸಿದವು. ಅವುಗಳ ನಡುವೆ ಒಂದು ಬಿಳಿಯ ಗಂಟು.

"ಯಾರದು ಗುರುಗಳೇ ಇದು?"

"ಅಂತೂ ಕೇಳಿದೆಯಲ್ಲ."

ಹಾಲೇಶ ಎದ್ದು ಹೋಗಿ ಮೂಲೆಯ ಅಕ್ಷರ ಓದಿದ. ಮುರಿಗೆಪ್ಪ, ಅರವತ್ತೆಂಟು ವರ್ಷ. ಕೆಳಗಿದ್ದ ತಾರೀಕು ಮೂರು ತಿಂಗಳ ಹಿಂದಿನದು.

"ಡಾಕ್ಟ್ರು ಏನಂದ್ರು?"

"ತಡವಾಯ್ತು ಅಂದ್ರು. ಒಂದು ವರ್ಷದಿಂದ ಕೆಮ್ತಾ ಇದ್ದೀರಿ, ಜೊತೇಲಿ ಯಾರೂ ಇಲ್ವಾ ಅಂತ ಕೇಳಿದ್ರು."

"ನೀವೇನಂದ್ರಿ?"

"ಇದ್ದಾನೆ, ಕಿವಿ ಬಹಳ ಚುರುಕು ಅಂದೆ."

ಹಾಲೇಶ ಕಿಟಕಿ ಬಿಟ್ಟು ಗುರುಗಳ ಕಡೆ ತಿರುಗಿದ.

"ನನಗ್ಯಾಕೆ ಹೇಳಲಿಲ್ಲ ಗುರುಗಳೇ?"

"ನಿನ್ನ ತಲೆ ಮೇಲೇ ನೇತುಹಾಕಿದ್ದೆ. ಯಾರದು ಅಂತ ಕೇಳ್ತೀಯ, ಇವತ್ತು ಕೇಳ್ತೀಯ, ನಾಳೆ ಕೇಳ್ತೀಯ ಅಂತ ಕಾದೆ."

"ತಪ್ಪಾಯ್ತು. ನಾನು ಅಂಗಡಿ ಇಡಲ್ಲ. ಇಲ್ಲೇ ಇರ್ತೀನಿ, ನಿಮ್ಮನ್ನ ನೋಡ್ಕೋತೀನಿ."

"ಬೇಡಪ್ಪ. ಕೆಟ್ಟಿದ್ದು ಕಂಡುಹಿಡಿದೆ, ಅಪ್ಪಣೆ ಕೊಟ್ಟೆ, ಹೋಗು. ಸ್ಪೀಕರ್‌ಗಳಿಗೆ ನಿನ್ನಂಥವನು ಬೇಕು."

ಹಾಲೇಶ ಅಲ್ಲೇ ಕುಸಿದು ಬಿಕ್ಕಿ ಬಿಕ್ಕಿ ಅತ್ತ. ಗುರುವಾದವರಿಗೆ ಆಗ ಕರುಣೆ ಬರಬೇಕಿತ್ತು. ಮುರಿಗೆಪ್ಪನವರಿಗೆ ಬರಲಿಲ್ಲ.

ಅವರು ಸಬ್‌ವೂಫರನ್ನು ಹತ್ತಿರ ಎಳೆದುಕೊಂಡು, ಕೋನಿನ ಮೇಲೆ ಎರಡೂ ಕೈಯ ಬೆರಳು ಊರಿ, ಕಿವಿ ಬಗ್ಗಿಸಿದರು.

"ಒಂದು ನಿಮಿಷ ಅಳಬೇಡ ಹಾಲೇಶ. ಕಾಯಿಲ್ ಉಜ್ಜೋದು ಕೇಳಿಸಬೇಕು."