ಸುಮ್ಮನವ್ವನ ಕಣಿವೆ

ಕುರುವಿನಾಳದಿಂದ ಪಡುವಣಕ್ಕೆ ಎರಡು ಹರದಾರಿ ನಡೆದರೆ ಎರಡು ಬೋಳು ಗುಡ್ಡಗಳ ನಡುವೆ ಒಂದು ಕಣಿವೆ ಸಿಗುತ್ತದೆ. ಡಾಂಬರು ರಸ್ತೆ ಗುಡ್ಡವನ್ನು ಬಳಸಿಕೊಂಡು ಹೋದ ಮೇಲೆ ಇತ್ತ ಯಾವ ಬಸ್ಸೂ ಬರುವುದಿಲ್ಲ. ಕುರಿಗಾಹಿಗಳು, ಜೇನು ಬಿಡಿಸುವವರು, ದಾರಿ ತಪ್ಪಿದವರು, ಇಷ್ಟೇ ಜನ ಇಲ್ಲಿ ಓಡಾಡುವುದು. ಒಂದು ಮುದಿ ಬೇವಿನ ಮರ, ಅದರ ಕೆಳಗೆ ನಾಲ್ಕು ಕಲ್ಲುಕಂಬ, ಅವುಗಳ ಮೇಲೊಂದು ಬಿರುಕುಬಿಟ್ಟ ಚಪ್ಪಡಿ. ಹೆಸರು ಕೇಳಿ ಇಲ್ಲೊಬ್ಬ ದೇವಿ ಇದ್ದಾಳೆಂದು ತೆಂಗಿನಕಾಯಿ ಹಿಡಿದುಕೊಂಡು ಬಂದವರು ಪೆಚ್ಚುಮೋರೆ ಹಾಕಿಕೊಂಡು ಹಿಂತಿರುಗಿದ್ದುಂಟು. ಸುಮ್ಮನವ್ವ ದೇವಿಯಲ್ಲ. ಅವಳು ಕುರುವಿನಾಳದ ಸೊಸೆ, ಹುಟ್ಟಿದಾಗ ಇಟ್ಟ ಹೆಸರು ಕಳಕವ್ವ. ಈಗ ಆ ಊರಿನವರು ಅವಳ ಹೆಸರನ್ನು ಬಹಳ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಅವಳು ಬದುಕಿದ್ದಾಗ ಆ ಹೆಮ್ಮೆ ಎಲ್ಲಿತ್ತೋ ಶಿವನೇ ಬಲ್ಲ.

ಹಿಂದೆ ಒಮ್ಮೆ, ಕರಾವಳಿಯ ಉಪ್ಪು ಹೇರೆತ್ತುಗಳ ಬೆನ್ನ ಮೇಲೆ ಈ ಕಣಿವೆ ಹಾಯ್ದು ಬಯಲಿಗೆ ಬರುತ್ತಿದ್ದ ಕಾಲದಲ್ಲಿ, ಕಳಕವ್ವನ ಗಂಡ ಬಾಳಪ್ಪ ಮತ್ತು ಅವನ ಜೊತೆಗಾರ ಅಂದಾನಪ್ಪ ಒಟ್ಟಿಗೆ ಹೇರು ಹೊಡೆಯುತ್ತಿದ್ದರು. ಒಂದು ಬೇಸಗೆಯಲ್ಲಿ ಅಂದಾನಪ್ಪ ಒಬ್ಬನೇ ಬಂದ. ಬಾಳಪ್ಪನ ಎತ್ತುಗಳನ್ನು ಅವಳ ಅಂಗಳದಲ್ಲಿ ಕಟ್ಟಿ, ಅವನು ಬಂದರಿನಲ್ಲೇ ಉಳಿದನೆಂದೂ, ಹಡಗಿನ ಕೆಲಸ ಹಿಡಿದನೆಂದೂ, ಮಳೆಗಾಲ ಕಳೆದು ಬರುತ್ತಾನೆಂದೂ ಹೇಳಿದ. ಮಳೆಗಾಲ ಕಳೆಯಿತು, ಬಾಳಪ್ಪ ಬರಲಿಲ್ಲ. ಮರುವರ್ಷವೂ ಬರಲಿಲ್ಲ. ಅಲ್ಲಿ ಯಾರನ್ನೋ ಇಟ್ಟುಕೊಂಡಿದ್ದಾನೆ ಎಂದು ಊರ ಹೆಂಗಸರು ಬಾವಿಕಟ್ಟೆಯಲ್ಲಿ ಅವಳಿಗೆ ಕೇಳುವಷ್ಟು ಗಟ್ಟಿಯಾಗಿಯೇ ಪಿಸುಗುಟ್ಟಿದರು. ಅತ್ತೆಯಂತೂ ಗಂಡನನ್ನು ಕಟ್ಟಿಹಾಕಿಕೊಳ್ಳಲು ಬರದವಳೆಂದು ದಿನಾ ಚುಚ್ಚುತ್ತಿದ್ದಳು. ಹನ್ನೆರಡು ವರ್ಷದೊಳಗೆ ಸುದ್ದಿ ಬಾರದಿದ್ದರೆ ಬಳೆ ಒಡೆಸುವುದೇ ಎಂದು ಹಿರಿಯರು ಕಟ್ಟೆಯ ಮೇಲೆ ಕೂತು ತೀರ್ಮಾನ ಕೊಟ್ಟರು. ತಾನು ಮುತ್ತೈದೆಯೋ, ಗಂಡ ಸತ್ತವಳೋ ಎಂಬುದು ತಿಳಿಯದೆ ಕಳಕವ್ವ ಕುಂಕುಮದ ಭರಣಿ ತೆರೆದು, ಮುಚ್ಚಿ, ಮತ್ತೆ ತೆರೆಯುತ್ತಿದ್ದಳು. ಇದ್ದಾನೋ ಇಲ್ಲವೋ, ಅಷ್ಟು ಗೊತ್ತಾದರೆ ಸಾಕಿತ್ತು ಅವಳಿಗೆ. ಅದಕ್ಕಿಂತ ಹೆಚ್ಚಿನದನ್ನು ಬಯಸುವ ಧೈರ್ಯವೂ ಅವಳಲ್ಲಿ ಉಳಿದಿರಲಿಲ್ಲ.

ಊರಿಗೆ ಭಿಕ್ಷೆಗೆ ಬರುತ್ತಿದ್ದ ಒಬ್ಬ ಮುದಿ ಜಂಗಮಯ್ಯ ಅವಳ ಸಂಕಟ ಕಂಡು, ದಾರಿಯ ಜನರೆಲ್ಲ ಹಾಯುವ ಕಣಿವೆಯಲ್ಲಿ ಒಂದು ಅರವಟ್ಟಿಗೆ ಇಡು ಎಂದ. ದಾರಿಹೋಕರಿಗೆ ನೀರು ಕೊಡುವ ಚಪ್ಪರಕ್ಕೆ ಆ ಸೀಮೆಯಲ್ಲಿ ಅರವಟ್ಟಿಗೆ ಎನ್ನುತ್ತಾರೆ. ಅದಕ್ಕೊಂದು ಕಟ್ಟಳೆಯೂ ಇತ್ತು. ನೀರು ಹಾಕುವವರು ಕುಡಿಯುವವರನ್ನು ಏನೂ ಕೇಳಬಾರದು. ಹೆಸರು, ಕುಲ, ಊರು, ಸುದ್ದಿ ಯಾವುದೂ ಕೂಡದು.

“ಒಂದು ಮಾತು ಕೇಳಿದೀ ಅಂದ್ರ ಅದು ನೀರು ಮಾರಿದಂಗ ಆತು ತಂಗಿ,” ಎಂದ ಜಂಗಮಯ್ಯ. “ಹೇಳಾವ್ರು ತಾವಾಗಿ ಹೇಳ್ಲಿ. ನೀ ಮಾತ್ರ ಸುಮ್ಮನಿರು.”

ಕಳಕವ್ವ ಎತ್ತುಗಳನ್ನು ಮಾರಿ ಬಾನಿ, ಕೊಡ ಕೊಂಡಳು. ಚಪ್ಪರಕ್ಕೆ ಗಳ ಹೊತ್ತುಕೊಟ್ಟವನು ಅಂದಾನಪ್ಪ. ಹಳ್ಳದಿಂದ ಕಣಿವೆಗೆ ಒಂದು ಕೊಡ ನೀರು ತರಬೇಕೆಂದರೆ ಹೊತ್ತು ಒಂದು ಮಾರು ಏರುತ್ತಿತ್ತು. ದಿನಕ್ಕೆ ಎಂಟು ಕೊಡ ತಂದಳು. ನೆತ್ತಿಯ ಕೂದಲು ಸವೆದು ಹೋಯಿತು. ಹೇರಿನವರು, ಬಳೆಗಾರರು, ಗಾಯಗೊಂಡ ಸಿಪಾಯಿಗಳು, ಕಳ್ಳರು ಕೂಡ ಅವಳ ಮುಂದೆ ಬಗ್ಗಿ ಬೊಗಸೆ ಒಡ್ಡಿದರು. ಕರಾವಳಿಯಿಂದ ಬಂದವರು ಎಂದು ಅವರ ಮೈಯ ಉಪ್ಪಿನ ವಾಸನೆಯೇ ಹೇಳುತ್ತಿತ್ತು. ಆಗ ಮಾತು ನಾಲಿಗೆಯ ತುದಿಗೆ ಬಂದು ಕೂರುತ್ತಿತ್ತು. ಅವಳು ಸೆರಗಿನ ಚುಂಗನ್ನು ಹಲ್ಲಲ್ಲಿ ಕಚ್ಚಿಕೊಂಡು ನೀರು ಹಾಕುತ್ತಿದ್ದಳು. ಅವಳ ಸೆರಗು ಅಲ್ಲೇ ತೂತಾಗಿ ಹೋಗಿತ್ತಂತೆ. ದಾರಿಯ ಜನ ಅವಳನ್ನು ಸುಮ್ಮನವ್ವ ಎಂದು ಕರೆಯತೊಡಗಿದ್ದು ಹೀಗೆ. ಅಂದಾನಪ್ಪ ವರ್ಷಕ್ಕೆ ಎರಡು ಸಲ ಹೇರು ಹೊಡೆದುಕೊಂಡು ಹೋಗುವಾಗ ನಿಲ್ಲುತ್ತಿದ್ದ, ಮುಖ ಎತ್ತದೆ ಕುಡಿದು, ಒಂದು ಹಿಡಿ ಉಪ್ಪು ಇಟ್ಟು ಹೋಗುತ್ತಿದ್ದ. ಗಂಡನ ಗೆಳೆಯ ತನಗಾಗಿ ಮರುಗುತ್ತಾನೆಂದು ಅವಳು ಅವನನ್ನು ಅಣ್ಣಾ ಎನ್ನುತ್ತಿದ್ದಳು.

ಅವಳು ಕೇಳಲಿಲ್ಲ, ನಿಜ. ಆದರೆ ಅವಳ ನೀರು ಕುಡಿದವರು ಕೆಳಗಿನ ಊರುಗಳಲ್ಲಿ ವಿಚಾರಿಸಿದರು, ಆ ತಾಯಿ ಯಾಕೆ ಅಲ್ಲಿ ಕೂತಿದ್ದಾಳೆ ಎಂದು. ಕಾರಣ ತಿಳಿದ ಮೇಲೆ ಹುಡುಕುವ ಕೆಲಸವನ್ನು ದಾರಿಯೇ ಹೊತ್ತುಕೊಂಡಿತು. ಹೇರಿನವರು ಬಂದರಿನಿಂದ ಬಂದರಿಗೆ ಬಾಳಪ್ಪನ ಹೆಸರು ಒಯ್ದರು. ಅವಳೊಬ್ಬಳೇ ಏಳು ಜನ್ಮ ಅಲೆದರೂ ಮುಟ್ಟಲಾಗದಷ್ಟು ಮನೆಗಳ ಕದವನ್ನು ಅವರು ತಟ್ಟಿದರು. ಹನ್ನೊಂದು ವರ್ಷ ತುಂಬಿ ಹನ್ನೆರಡನೆಯದು ಮುಗಿಯುತ್ತ ಬಂದಾಗ ಒಬ್ಬ ಮುದುಕ ಹೇರುಗಾರ ನೀರು ಕುಡಿದು, ಬಾಯಿ ಒರೆಸಿಕೊಂಡು, ತಾನಾಗಿಯೇ ಹೇಳಿದ.

“ಯವ್ವಾ, ಯಾವ ಬಂದರದಾಗೂ ನಿನ್ನ ಮನಿಯವನ್ನ ಕಂಡಾವ್ರಿಲ್ಲ. ಆ ವರ್ಷ ಉಪ್ಪು ತುಂಬಿಸಿಕೊಟ್ಟಾಂವ ಇನ್ನೂ ಅದಾನ. ಇಬ್ರೂ ಕೂಡೇ ಊರ ಕಡೆ ಹೇರು ಹೊಡಕೊಂಡು ಹೊಂಟಿದ್ರು ಅಂತ ಅಂವ ಆಣಿ ಮಾಡಿ ಹೇಳ್ತಾನ.”

ಈ ಮಾತು ಅವಳಿಗಿಂತ ಬೇಗ ಊರು ಮುಟ್ಟಿತು. ಮರುದಿನ ನಡುಹಗಲಿನಲ್ಲಿ ಅಂದಾನಪ್ಪ ಎತ್ತುಗಳಿಲ್ಲದೆ, ಕಾಲಲ್ಲಿ ಮೆಟ್ಟಿಲ್ಲದೆ, ಕಣಿವೆ ಹತ್ತಿ ಬಂದ. ಕಳಕವ್ವ ಕೊಡ ಎತ್ತಿದಳು. ಅವನು ಬೊಗಸೆ ಒಡ್ಡಲಿಲ್ಲ.

“ಹಾಕಬ್ಯಾಡ ತಂಗಿ. ಬಾಳಪ್ಪನ ಕಾಲು ಇಲ್ಲೇ ಮುರೀತು. ಇಬ್ರಿಗೂ ಅರ್ಧ ತಿತ್ತಿ ನೀರು ಉಳಿದಿತ್ತು. ತುಂಬಿಸ್ಕೊಂಡು ಬರ್ತೇನಿ ಅಂತ ತಿತ್ತಿ ತಗೊಂಡು ಇಳಿದೆ. ಇಳಿಯೂ ಮುಂದ ಅದನ್ನೂ ನಾನೇ ಕುಡಿದುಬಿಟ್ಟೆ. ಆ ವರ್ಷ ಹಳ್ಳ ಬತ್ತಿತ್ತು. ಆಚೀ ಬದಿಯ ಊರಿಗೆ ಮುಟ್ಟಿದವ ಹಂಗ ಬಿದ್ದೆ. ಮರುದಿನ ಬರೂದ್ರಾಗ ಎಲ್ಲಾ ಮುಗಿದಿತ್ತು. ಅವನ ಪಾಲಿನ ನೀರು ಕುಡಿದೆ ಅಂತ ಹೆಂಗ ಹೇಳ್ಲಿ? ಸುಳ್ಳು ಹೇಳಿದೆ.”

ಬೈಯಲಿ, ಕಲ್ಲೆತ್ತಿ ಹೊಡೆಯಲಿ, ಯಾಕೆ ಹಾಗೆ ಮಾಡಿದೆ ಎಂದಾದರೂ ಕೇಳಲಿ ಎಂದು ಅವನು ಕಾದ. ಅವಳು ಅಷ್ಟೂ ವರ್ಷ ಹಲ್ಲಲ್ಲಿ ಕಚ್ಚಿದ್ದ ಸೆರಗನ್ನು ಆಗಲೂ ಬಿಡಲಿಲ್ಲ. ಕೊನೆಗೆ ಎರಡೇ ಮಾತು ಆಡಿದಳು. “ಮೊದಲ ನೀರು ಕುಡಿ,” ಎಂದಳು. ಅವನು ಬಿಕ್ಕುತ್ತ ಕುಡಿದಾದ ಮೇಲೆ, “ಈಗ ತೋರಸು,” ಎಂದಳು.

ದೂರವೇನೂ ಹೋಗಬೇಕಾಗಿರಲಿಲ್ಲ. ಚಪ್ಪರದಿಂದ ಇನ್ನೂರು ಹೆಜ್ಜೆ ಆಚೆ, ದೊಡ್ಡ ಬಂಡೆಯ ಮರೆಯಲ್ಲಿ, ಕಲ್ಲು ಒಟ್ಟಿದ ಒಂದು ಗುಪ್ಪೆ. ಹತ್ತು ವರ್ಷಕ್ಕೂ ಮಿಕ್ಕಿ ಅವಳು ಊರಿನವರಿಗೂ ಪರದೇಶಿಗಳಿಗೂ ಕಳ್ಳರಿಗೂ ನೀರು ಹಾಕಿದ್ದು, ನೀರಿಲ್ಲದೆ ಸತ್ತ ಗಂಡನ ಮಗ್ಗುಲಲ್ಲೇ. ಕಳಕವ್ವ ಹಿಂದಿರುಗಿ ಕೊಡ ತಂದು ಅಷ್ಟನ್ನೂ ಆ ಕಲ್ಲುಗಳ ಮೇಲೆ ಸುರಿದಳು. ಹಿರಿಯರಿಗೆ ಕೆಲಸ ಉಳಿಸದೆ ಬಳೆಗಳನ್ನು ತಾನೇ ಅಲ್ಲಿ ಒಡೆದುಕೊಂಡಳು. ಬೇಕಾದದ್ದು ಅವಳಿಗೆ ಸಿಕ್ಕಿತ್ತು. ಆದರೆ ಸಿಕ್ಕ ದಿನ ಅವಳ ಮುಖದಲ್ಲಿ ಗೆಲುವಿನ ಗುರುತು ಕಂಡವರು ಒಬ್ಬರೂ ಇಲ್ಲ.

ಊರವರು ಅಂದಾನಪ್ಪನನ್ನು ಬಹಿಷ್ಕರಿಸಹೊರಟಾಗ ಅವಳು ತಡೆದಳು. ಅಂದಿನಿಂದ ಅವನು ಹೇರು ಬಿಟ್ಟು ಅವಳ ಅರವಟ್ಟಿಗೆಗೆ ನೀರು ಹೊತ್ತ. ಹೇರಿನವರು ಸೇರಿ ಕಲ್ಲುಕಂಬ ನೆಟ್ಟರು, ದೇಸಾಯರು ಬಾವಿ ತೋಡಿಸಿದರು, ಕಣಿವೆಗೆ ಅವಳ ಹೆಸರು ಬಿತ್ತು. ಬಾವಿಕಟ್ಟೆಯಲ್ಲಿ ಪಿಸುಗುಟ್ಟಿದವರೇ ಸೊಸೆಯಂದಿರನ್ನು ಕರೆತಂದು ಅವಳ ಕಾಲಿಗೆ ಬೀಳಿಸಿದರು. ಅವಳು ಯಾರನ್ನೂ ಏನೂ ಕೇಳದೆ ನೀರು ಹಾಕುತ್ತಲೇ ಮುದುಕಿಯಾಗಿ, ಒಂದು ಬೇಸಗೆಯ ಕೊನೆಗೆ ಕಣ್ಣು ಮುಚ್ಚಿದಳು. ಮರುದಿನ ಬೆಳಗ್ಗೆ ಬಂದಾಗ ಬಾಳಪ್ಪ ಹೇಗೆ ಮಲಗಿದ್ದ ಎಂಬುದನ್ನು ಮಾತ್ರ ಅಂದಾನಪ್ಪ ಹೇಳಿರಲಿಲ್ಲ. ಅವಳು ಕೇಳಿದರೆ ಹೇಳಿಬಿಡೋಣ ಎಂದು ಅಷ್ಟು ವರ್ಷವೂ ಕಾದಿದ್ದ. ಅವಳು ಹೋದ ಮೇಲೆ ತನ್ನಿಂದ ಹೊರಲಾಗದೆ ಒಬ್ಬ ಕಲ್ಲುಕುಟಿಗನ ಮುಂದೆ ಬಾಯಿಬಿಟ್ಟನಂತೆ.

ಬಂಡೆಯ ಮರೆಗೆ ಹೋದರೆ ಆ ಕಲ್ಲುಗುಪ್ಪೆ ಈಗಲೂ ಕಾಣುತ್ತದೆ. ಅದರ ನೆತ್ತಿಯ ಮೇಲೆ ಒಂದು ಕರಿಕಲ್ಲಿದೆ, ಅದರಲ್ಲಿ ಜೋಡಿಸಿದ ಎರಡು ಅಂಗೈಗಳ ಬೊಗಸೆಯನ್ನು ಕೊರೆದಿದ್ದಾರೆ. ಕುರಿಗಾಹಿಗಳು ಮೊದಲು ಅದಕ್ಕೆ ನೀರು ತುಂಬಿ, ಆಮೇಲೆ ತಾವು ಕುಡಿಯುತ್ತಾರೆ. ಬಾಳಪ್ಪ ಮಲಗಿದ್ದದ್ದು ಹಾಗೆ.