ಕೇರಿಗೊಬ್ಬರು ಬೇಕೆಂದ ದೇವೀರಿ

“ಸಿರಿಗಟ್ಟದ ಪ್ರಜೆಗಳೆಲ್ಲ ಕೇಳಿ. ಊರಸಭೆಯ ಏಳು ಮಂದಿಯನ್ನು ಇಡೀ ಊರು ಕೂಡಿ ಆರಿಸಬೇಕೋ, ಬೀದಿಗೊಬ್ಬರು ಕೇರಿಗೊಬ್ಬರಂತೆ ಆರಿಸಬೇಕೋ ಎಂಬ ಜಗಳಕ್ಕೆ ಮಹಾರಾಜರು ಮೂರು ಒಗಟಿನಲ್ಲಿ ತೀರ್ಮಾನ ಕೊಡುತ್ತಾರೆ. ಕೋಟೆಯವರಿಗೆ ಮೊದಲ ಸರದಿ. ಅವರು ಒಂದನ್ನು ಬಿಡಿಸಿದರೂ ಹಳೆಯ ಪದ್ಧತಿಯೇ ಉಳಿಯುತ್ತದೆ. ಕೇರಿಯವರು ಗೆಲ್ಲಬೇಕಾದರೆ ಮೂರನ್ನೂ ಬಿಡಿಸಬೇಕು. ತಪ್ಪು ಹೇಳಿದವರು ಯಾರೇ ಆಗಲಿ, ತಲೆ ಹೋಗುತ್ತದೆ.”

ಡಂಗುರದವನು ಇದನ್ನು ಕೋಟೆಯೊಳಗಿನ ನಾಲ್ಕು ಬೀದಿಗಳಲ್ಲೂ ಹೊರಗಿನ ಮೂರು ಕೇರಿಗಳಲ್ಲೂ ಸಾರಿದ.

ಊರಿನಲ್ಲಿ ನೂರಕ್ಕೆ ಅರವತ್ತು ಮಂದಿ ಕೋಟೆಯೊಳಗಿನವರು. ಆರಿಸುವ ದಿನ ಎಲ್ಲರೂ ಒಂದೇ ಬಯಲಿನಲ್ಲಿ ನಿಂತು ಕೈ ಎತ್ತುತ್ತಿದ್ದರು. ಏಳು ಸಲ ಕೈ ಎತ್ತಿದಾಗಲೂ ಕೋಟೆಯವರೇ ಗೆಲ್ಲುತ್ತಿದ್ದರು. ಹೊರಗಿನ ಕೇರಿಗಳಿಂದ ಒಬ್ಬನೇ ಒಬ್ಬನೂ ಆರಿಸಿ ಬಂದು ಸಭೆಯ ಮೆಟ್ಟಿಲು ಹತ್ತಿದ್ದಿಲ್ಲ.

ಮೇದರ ಕೇರಿಯಲ್ಲಿ ದೇವೀರಿ ಎಂಬ ಇಪ್ಪತ್ತರ ಹುಡುಗಿ ಇದ್ದಳು. ಬಿದಿರು ಸೀಳಿ ಮೊರ, ಬುಟ್ಟಿ ಹೆಣೆಯುವುದು ಅವಳ ಕೆಲಸ. ಕೋಟೆಯ ಕೊಚ್ಚೆ ನೀರು ಹರಿದು ಬಂದು ನಿಲ್ಲುತ್ತಿದ್ದುದು ಅವರ ಕೇರಿಯ ಬಾವಿಯ ಪಕ್ಕದಲ್ಲಿ. ಹೋದ ಮಳೆಗಾಲ ಅವಳ ಅಕ್ಕನ ಮಗು ವಾಂತಿಭೇದಿಯಿಂದ ತೀರಿಕೊಂಡಿತು. ಕೊಚ್ಚೆಯ ದೂರು ಹೇಳಲು ಅವಳು ಎರಡು ಸಲ ಸಭೆಗೆ ಹೋಗಿದ್ದಳು. “ನಿಮ್ಮ ಪರವಾಗಿ ಸಭೆಯಲ್ಲಿ ಯಾರಿದ್ದಾರೆ?” ಎಂದು ಕೇಳಿ ಬಾಗಿಲಲ್ಲೇ ತಿರುಗಿಸಿ ಕಳಿಸಿದ್ದರು.

ಡಂಗುರ ಕೇಳಿದ ಮೇಲೆ ಕೇರಿಯವರು ತಮ್ಮ ತಮ್ಮ ಕೆಲಸಕ್ಕೆ ತಿರುಗಿದರು. ದೇವೀರಿ ಮಡಿಲಿನ ಬಿದಿರ ಸಿಬಿರು ಕೊಡವಿ ಎದ್ದಳು.

“ಇದು ತಲೆ ಹೋಗೋ ಕೆಲಸ ಕಣೆ,” ಎಂದಳು ಅಕ್ಕ.

“ಮಕ್ಕಳ ತಲೆ ಆಗಲೇ ಹೋಗ್ತಿದೆಯಲ್ಲಕ್ಕ. ನನ್ನದನ್ನ ಕೇಳಿ ತಗೊಳ್ಳಲಿ.”

ಅರಮನೆಯ ಅಂಗಳ ತುಂಬಿತ್ತು. ಉತ್ತರಗಳನ್ನು ಬರೆದು ಮುದ್ರೆ ಒತ್ತಿದ ಓಲೆ ರಾಜಮಾತೆಯ ಕೈಯಲ್ಲಿತ್ತು. ಕೋಟೆಯವರ ಪರವಾಗಿ ಮೂವರು ಬಂದಿದ್ದರು: ಒಬ್ಬ ಪಂಡಿತ, ಒಬ್ಬ ಕುದುರೆ ವ್ಯಾಪಾರಿ, ಮತ್ತು ಸಭೆಯ ಹಿರಿಯ ಪಟ್ಟಣಸ್ವಾಮಿ ನಾಗದೇವಯ್ಯ. ಕೇರಿಗಳ ಪರವಾಗಿ ದೇವೀರಿ ಒಬ್ಬಳೇ.

ಅರಸ ಮೊದಲ ಒಗಟು ಹೇಳಿದ. “ಅದೊಂದು ಪಾತ್ರೆ. ತುಂಬಿದ್ದಾಗ ಸುಮ್ಮನಿರುತ್ತದೆ, ಬರಿದಾದಾಗ ಕೂಗುತ್ತದೆ. ಹೊತ್ತವರು ಅದನ್ನು ಕೆಳಗಿಡಲು ಆಗುವುದಿಲ್ಲ. ಯಾವುದು?”

“ಕೊಡ, ಪ್ರಭು. ಬರಿಗೊಡಕ್ಕೆ ಸದ್ದು ಜಾಸ್ತಿ,” ಎಂದ ಪಂಡಿತ.

ರಾಜಮಾತೆ ಅಲ್ಲವೆಂದು ತಲೆಯಾಡಿಸಿದಳು. ಭಟರು ಪಂಡಿತನನ್ನು ಕಂಬಕ್ಕೆ ಕಟ್ಟಿದರು.

“ಕೊಡ ಆದರೆ ಕೆಳಗಿಡಬಹುದು ಬುದ್ಧಿ. ಅದು ಹೊಟ್ಟೆ,” ಎಂದಳು ದೇವೀರಿ.

“ಓಲೆಯಲ್ಲೂ ಹಾಗೇ ಇದೆ,” ಎಂದಳು ರಾಜಮಾತೆ.

ಅರಸ ಹುಬ್ಬು ಗಂಟಿಕ್ಕಿ ಎರಡನೆಯದನ್ನು ಹೇಳಿದ. “ಅದು ಎಲ್ಲರನ್ನೂ ಒಟ್ಟಿಗೆ ಮೇಲೆತ್ತುತ್ತದೆ, ಆದರೆ ಎಲ್ಲರನ್ನೂ ಇಟ್ಟುಕೊಳ್ಳುವುದಿಲ್ಲ. ಕಣ್ಣಿಲ್ಲದಿದ್ದರೂ ಆರಿಸುತ್ತದೆ.”

ಕುದುರೆ ವ್ಯಾಪಾರಿ ದೇಶ ಸುತ್ತಿದವನು. ಬೆವರು ಒರೆಸಿಕೊಂಡು ಬಹಳ ಹೊತ್ತು ಯೋಚಿಸಿದ. “ಕಡಲಿನ ಅಲೆ,” ಎಂದ. ಅವನನ್ನೂ ಕಂಬಕ್ಕೆ ಕಟ್ಟಿದರು.

ದೇವೀರಿಗೆ ನಗು ಬಂತು, ತಡೆದುಕೊಂಡಳು. “ಮೊರ. ದಿನಕ್ಕೆ ಎರಡು ಹೆಣೀತೀನಿ.”

ರಾಜಮಾತೆ ಸರಿಯೆಂದಳು. ಅಂಗಳದ ಹಿಂದಿನಿಂದ, ಕೇರಿಯವರು ನಿಂತಿದ್ದ ಕಡೆಯಿಂದ, ಗುಜುಗುಜು ಎದ್ದಿತು. ಅರಸ ಕೈ ಎತ್ತಿ ಅದನ್ನು ಅಡಗಿಸಿ, ಪಟ್ಟಣಸ್ವಾಮಿಯ ಕಡೆ ತಿರುಗಿದ.

“ಇದು ಕೊನೆಯದು. ಅದು ನನ್ನದೇ. ಹುಟ್ಟಿದಂದಿನಿಂದ ಜೊತೆಗಿದೆ. ಮುಂದೆ ಕನ್ನಡಿ ಹಿಡಿದರೂ ನನಗೆ ಕಾಣದು. ಬೇರೆಯವರು ದಿನವೂ ನೋಡುತ್ತಾರೆ.”

ನಾಗದೇವಯ್ಯ ಕೈ ಜೋಡಿಸಿದ. “ತಮ್ಮ ಕೀರ್ತಿ, ಪ್ರಭು. ನಮಗೆಲ್ಲ ಕಾಣುತ್ತದೆ, ವಿನಯವಂತರಾದ ತಮಗೆ ಕಾಣದು.”

ಅರಸನಿಗೆ ಆ ಮಾತು ಹಿತವಾಯಿತು. ರಾಜಮಾತೆ ಮಗನನ್ನೇ ದಿಟ್ಟಿಸಿದಳು. “ಓಲೆಯಲ್ಲಿ ಬೇರೆ ಇದೆ,” ಎಂದಳು. ಮೂರನೆಯ ಕಂಬವೂ ತುಂಬಿತು.

ದೇವೀರಿಗೆ ಉತ್ತರ ಹೊಳೆದಿತ್ತು. ಹಿಂದೆ ನಿಂತಿದ್ದ ಅಕ್ಕನನ್ನು ಒಮ್ಮೆ ನೋಡಿ ಹೇಳಿದಳು:

“ನಿಮ್ಮ ಬೆನ್ನು.”

ರಾಜಮಾತೆ ಓಲೆಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

“ಅರಸನ ಎದುರು ನಿಂತು ಬೆನ್ನಿನ ಮಾತಾಡುತ್ತೀಯಾ?” ಅರಸನ ದನಿ ಗಡುಸಾಗಿತ್ತು. “ಹೇಗೆ ತಿಳಿಯಿತು?”

“ನಾವು ನೋಡಿರೋದೇ ಅದನ್ನ ಬುದ್ಧಿ. ಮುಖ ನೋಡಿದ್ದು ಇವತ್ತೇ ಮೊದಲು. ನಿಮ್ಮ ಬೆನ್ನಲ್ಲಿ ಹುಣ್ಣಾಗಿದ್ದರೆ ನಿಮಗೆ ಕಾಣಲ್ಲ, ಹಿಂದೆ ಇರೋರು ಹೇಳಬೇಕು. ಕೋಟೆಗೂ ಅಷ್ಟೆ. ಅದರ ಬೆನ್ನಿಗೆ ಇರೋರು ನಾವು. ಇನ್ನು ಹೊಟ್ಟೆ. ಹಸಿದು ಮಲಗಿದವರಿಗೆ ಆ ಒಗಟು ಸುಲಭ, ಪಂಡಿತರಿಗೆ ಗೊತ್ತಾಗದೆ ಇದ್ದದ್ದು ಅವರ ತಪ್ಪಲ್ಲ. ಆದರೆ ನಮ್ಮ ಹಸಿವಿನ ಮಾತನ್ನ ನಮ್ಮ ಬದಲಿಗೆ ಅವರು ಆಡೋಕಾಗಲ್ಲ.”

“ಮೊರ?” ಎಂದು ಕೇಳಿದವಳು ರಾಜಮಾತೆ.

“ಇಡೀ ಊರನ್ನ ಒಂದೇ ಮೊರಕ್ಕೆ ಹಾಕಿ ಕೇರ್ತಾ ಬಂದಿರಿ ತಾಯಿ. ಏಳು ಸಲ ಕೇರಿದರೂ ಕೋಟೆಯವರು ಒಳಗೆ ಉಳಿದರು, ನಾವು ಹೊರಗೆ ಬಿದ್ವಿ. ನಾವು ಹೊಟ್ಟಲ್ಲ.”

ಅರಸ ತಾಯಿಯ ಕೈಯಲ್ಲಿದ್ದ ಓಲೆಯನ್ನು ನೋಡಿದ. ಕೊಟ್ಟ ಮಾತು, ಅದೂ ಊರಿಗೆಲ್ಲ ಸಾರಿದ ಮಾತು.

“ಇನ್ನು ಮೇಲೆ ಬೀದಿಗೊಬ್ಬರು, ಕೇರಿಗೊಬ್ಬರು,” ಎಂದ. “ನಿನ್ನ ಬುದ್ಧಿಗೆ ಮೆಚ್ಚಿದೆ. ಸಭೆಯಲ್ಲಿ ಒಂದು ಸ್ಥಾನ ನಿನಗೇ ಕೊಡುತ್ತೇನೆ.”

“ಅದು ನೀವು ಕೊಡೋದಲ್ಲ ಬುದ್ಧಿ, ಕೇರಿ ಕೊಡೋದು. ಕೊಡೋ ಮನಸ್ಸಿದ್ದರೆ ಈ ಮೂವರನ್ನ ಬಿಡಿ. ಅವರೂ ತಮ್ಮ ಬೀದಿಯಲ್ಲಿ ಕೈ ಎತ್ತಬೇಕಲ್ಲ.”

ಅರಸನ ಸನ್ನೆಗೆ ಭಟರು ಹಗ್ಗ ಬಿಚ್ಚಿದರು. ಪಂಡಿತ ಅವಳಿಗೆ ಕೈ ಮುಗಿದ. ನಾಗದೇವಯ್ಯ ಕೈ ಮುಗಿಯಲಿಲ್ಲ.

ಆ ಹುಣ್ಣಿಮೆಗೆ ಏಳು ಕಡೆ ಬೇರೆ ಬೇರೆಯಾಗಿ ಕೈಗಳು ಎದ್ದವು. ಕೋಟೆಯೊಳಗಿನಿಂದ ನಾಲ್ವರು ಬಂದರು, ಹೊರಗಿನಿಂದ ಮೂವರು. ಮೇದರ ಕೇರಿಯಲ್ಲಿ “ಹೆಣ್ಣು ಬೇಡ” ಎಂದು ಕೆಲವರು ಕೈ ಕಟ್ಟಿ ಕೂತರೂ ದೇವೀರಿಯೇ ಗೆದ್ದಳು.

ಮೊದಲ ಸಭೆಯ ದಿನ ನಾಗದೇವಯ್ಯ ಎಂದಿನ ಜಾಗದಲ್ಲಿ ಕೂತಿದ್ದ. ಅವನ ಬೀದಿ ಅವನನ್ನೇ ಮತ್ತೆ ಆರಿಸಿತ್ತು. ಬಾಗಿಲ ಹತ್ತಿರ, ಚಪ್ಪಲಿ ಬಿಡುವ ಕಡೆ, ಹೊಸದಾಗಿ ಮೂರು ಮಣೆ ಹಾಕಿಸಿದ್ದ.

“ಅಲ್ಲಿ ಕೂತ್ಕೊಳ್ಳಮ್ಮ,” ಎಂದ.

ದೇವೀರಿ ಒಂದು ಮಣೆಯನ್ನು ಎತ್ತಿಕೊಂಡು ಬಂದು ಅವನ ಪಕ್ಕದಲ್ಲೇ ಹಾಕಿ ಕೂತಳು. ಉಳಿದಿಬ್ಬರೂ ತಮ್ಮ ಮಣೆಗಳನ್ನು ಎತ್ತಿಕೊಂಡರು.

“ಸ್ವಲ್ಪ ಸರೀರಿ ಅಯ್ಯನವರೇ,” ಎಂದಳು ಅವಳು. ಅವನು ಸರಿದ.