ಕೆಂಪು ಬಟ್ಟೆಯ ಹೀರೇಕಾಯಿ

ಸಂಕಮ್ಮನ ಹಿತ್ತಲ ಹೀರೇಕಾಯಿ ಅವಳ ಮುತ್ತಜ್ಜಿಯ ಕಾಲದ ತಳಿ. ಪ್ರತಿ ವರ್ಷ ಒಳ್ಳೆಯ ಕಾಯಿಯೊಂದಕ್ಕೆ ಕೆಂಪು ಬಟ್ಟೆ ಕಟ್ಟಿ ಬೀಜಕ್ಕೆ ಬಿಡುತ್ತಿದ್ದಳು, ಉಳಿದವೆಲ್ಲ ಬಾಣಲೆಗೆ.

ಹೂವಾಗಿದ್ದಾಗ ದುಂಬಿಗೂ ಹೆದರಿ ಮುದುಡಿಕೊಂಡಿದ್ದ ಕಿರಿಯ ಕಾಯಿಗೆ ಬಾಣಲೆಯೆಂದರೆ ನಡುಕ. "ಅಣ್ಣಾ, ಆ ಬಟ್ಟೆ ನನಗೆ ಕೊಡು" ಎಂದು ಈ ವರ್ಷ ಬಟ್ಟೆ ಕಟ್ಟಿಸಿಕೊಂಡಿದ್ದ ಪಕ್ಕದ ಹಿರಿಯ ಕಾಯಿಯನ್ನು ಕೇಳಿತು.

"ಇದು ಬೀಜಕ್ಕೆ ನಿಂತವರ ಬಟ್ಟೆ, ತಮ್ಮಾ. ಅಡುಗೆಗೆ ಹೋದರೂ ನಷ್ಟವಿಲ್ಲ, ಉಂಡವರ ಹೊಟ್ಟೆ ತಂಪಾಗುತ್ತದೆ."

"ಯಾರ ಹೊಟ್ಟೆಯಾದರೂ ಉರಿಯಲಿ. ನಾನು ಉಳಿದರೆ ಸಾಕು."

ಮರುದಿನ ಗಾಳಿಗೆ ಬಟ್ಟೆಯ ಗಂಟು ಸಡಿಲಿತು. ಕಿರಿಯದು ಅದನ್ನು ತನ್ನ ಮೈಮೇಲೆ ಎಳೆದುಕೊಂಡಿತು. ಬಟ್ಟೆಯಿಲ್ಲದ ಅಣ್ಣನನ್ನು ಸಂಕಮ್ಮ ಕೊಯ್ದು ಪಲ್ಯ ಮಾಡಿದಳು.

ಕಿರಿಯದು ಬಳ್ಳಿಯಲ್ಲೇ ನೆಮ್ಮದಿಯಾಗಿ ಒಣಗಿತು. ಸಂಕಮ್ಮ ಕಿತ್ತು ಕಿವಿಯ ಬಳಿ ಅಲ್ಲಾಡಿಸಿದಳು. ಹೂವಾಗಿದ್ದಾಗ ದುಂಬಿಯನ್ನು ಹತ್ತಿರ ಬಿಡದ ಕಾಯಿಯೊಳಗೆ ಒಂದು ಬೀಜವೂ ಸದ್ದು ಮಾಡಲಿಲ್ಲ. ಮುತ್ತಜ್ಜಿಯ ತಳಿ ಅಲ್ಲಿಗೆ ಮುಗಿಯಿತು. ಅವಳು ಸಿಪ್ಪೆ ಸುಲಿದು, ಉಳಿದ ನಾರಿನಿಂದ ಆ ಬಾಣಲೆಯನ್ನೇ ಉಜ್ಜಿದಳು.